ನೀವು ಇಲಿ

ಮಾರ್ಚ್ 4

ಪ್ರೀತಿಯ ಗೀಚಿಗೆ,

ಮೊದಲು ಖರ್ಚು, ಆಮೇಲೆ ಕ್ಷೇಮ ಸಮಾಚಾರ.

ಅಳತೆ ಟೇಪು ಒಂದು, ನಡುವೆ ಕಿತ್ತುಹೋಗಿದೆ. ಚಪ್ಪಲಿ ಒಂದು ಜೊತೆ, ಹಿಮ್ಮಡಿ ಸವೆದಿದೆ. ಮಾರ್ಕೆಟ್ಟಿನ ನಕ್ಷೆಗೆ ಹೊಲಿದ ಗುಂಡಿಗಳು ಬಗೆಬಗೆಯವು, ವಾಪಸ್ ಬರುವ ಆಸೆ ಇಟ್ಟುಕೊಂಡಿಲ್ಲ. ತಳ್ಳುಗಾಡಿಯವರಿಗೆ ಇಡೀ ದಿನದ ಚಹಾ. ಬೂದು ಬಣ್ಣದ ಬಟ್ಟೆ ಅರ್ಧ ಮೀಟರು. ಮಧ್ಯಾಹ್ನದ ನಿದ್ದೆ ಎಷ್ಟು ಹೋಯಿತೋ ಬರೆದಿಟ್ಟಿಲ್ಲ. ಪಕ್ಕದ ಅಂಗಡಿಯ ಜಿಪ್ಪಣ್ಣ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಇದನ್ನ ನಷ್ಟದ ಕಡೆ ಬರೆಯೋದಾ ಉಳಿತಾಯದ ಕಡೆ ಬರೆಯೋದಾ ತಿಳಿಯದೆ ನಡುಗೆರೆಯ ಮೇಲೇ ಬರೆದಿದ್ದೇನೆ.

ಕೆಲಸ ಹೇಗೆ ಬೆಳೆಯಿತು ಅಂತ ಆಧಾರ ಬೇಕು, ಕಾಗದಗಳನ್ನ ಕಳಿಸಿ ಅಂತ ನಿನ್ನ ಮೇಡಂ ಕೇಳಿದ್ದಾರಂತೆ. ನಾನು ಏನೇ ಬರೆದರೂ ಬಿಲ್ ಪುಸ್ತಕದ ಕಾರ್ಬನ್ ಇಟ್ಟೇ ಬರೆಯುವವಳು. ಆದ್ದರಿಂದ ನಿನ್ನವೂ ಇವೆ, ನನ್ನವೂ ಇವೆ. ಎಲ್ಲ ತಾರೀಖಿನಂತೆ ಜೋಡಿಸಿ, ಈ ಕಾಗದವನ್ನ ಮೇಲೆ ಇಟ್ಟು ದಾರ ಕಟ್ಟಿದ್ದೇನೆ.

ಬಿಚ್ಚುವ ಮೊದಲು ಒಂದು ಮಾತು. ಕೆಳಗಿನ ಕಾಗದಗಳಲ್ಲಿ ಎಲ್ಲೂ ಬರೆಯದ ವಿಷಯ ಒಂದಿದೆ. ನಿನ್ನ ಮೊದಲ ಕಾಗದ ಬರುವುದಕ್ಕೆ ಸ್ವಲ್ಪ ಮೊದಲು ಮಾರ್ಕೆಟ್ಟಿನ ಅಧ್ಯಕ್ಷರು ನಮ್ಮ ಹಿಂದಿನ ಸಾಲಿಗೆ ಬಂದಿದ್ದರು. "ಈ ಕಡೆ ಜನವೇ ಬರಲ್ಲ. ಮಾರ್ಚ್‌ನಲ್ಲಿ ಸಾಲು ಖಾಲಿ ಮಾಡಿಸಿ ಗೋಡೌನು ಮಾಡೋಣ ಅಂತಿದ್ದೀವಿ" ಅಂದರು. ಗುಂಡಿ, ಜಿಪ್ಪು, ಲೇಸು, ದಾರ, ಕತ್ತರಿ, ಎಲ್ಲರೂ ಅದೇ ಸಾಲಿನವರು. ಈ ಮಾರ್ಕೆಟ್ಟಿನ ಗೇಟಿನಲ್ಲಿ ಕುತ್ತಿಗೆಗೆ ತಟ್ಟೆ ಕಟ್ಟಿಕೊಂಡು ಗುಂಡಿ ಮಾರಿದವಳು ನಾನು. ನಿಂತು ಮಾರಿದವಳಿಗೆ ಕೂತು ಮಾರುವ ಜಾಗ ಎಂದರೆ ಏನು ಅಂತ ನಿನಗೆ ಬಿಡಿಸಿ ಹೇಳಬೇಕಿಲ್ಲ. ಇದನ್ನ ತಲೆಯಲ್ಲಿಟ್ಟುಕೊಂಡು ಓದಿದರೆ ನನ್ನ ಹೊಲಿಗೆ ಎಲ್ಲೆಲ್ಲಿ ಸೊಟ್ಟಗಾಗಿದೆ ಅಂತ ಕಾಣುತ್ತದೆ.

ಲಾಭದ ಕಡೆ ಇನ್ನೂ ಖಾಲಿ ಬಿಟ್ಟಿದ್ದೇನೆ. ಸಾಲಿನ ಬಗ್ಗೆ ಸಭೆ ಇದೇ ಇಪ್ಪತ್ತಕ್ಕೆ.

ಗುಂಡಿ ಅತ್ತೆ


ಆಗಸ್ಟ್ 17

ಅತ್ತೆಗೆ ನಮಸ್ಕಾರ.

ಫೋನ್ ಮಾಡಿದರೆ "ಗಿರಾಕಿ ಇದ್ದಾರೆ, ಇಡು" ಅಂತೀರಿ. ಗಿರಾಕಿ ಇಲ್ಲದಿದ್ದರೆ "ಗಿರಾಕಿ ಬರೋ ಹೊತ್ತು, ಇಡು" ಅಂತೀರಿ. ಅದಕ್ಕೇ ಕಾಗದ.

ವಿದ್ಯಾರ್ಥಿಗಳಿಗೆ ಅಂತ ಒಂದು ಡಿಜಿಟಲ್ ಡಿಸೈನ್ ಸ್ಪರ್ಧೆ ಇದೆ. ಜನ ದಾರಿ ತಪ್ಪುವ ಒಂದು ಜಾಗ ಆರಿಸಿಕೊಳ್ಳಬೇಕು. ಅದರ ಬಾಗಿಲಲ್ಲಿ ಆಳೆತ್ತರದ ಒಂದು ಸ್ಕ್ರೀನು ನಿಂತಿದೆ ಅಂದುಕೊಳ್ಳಿ. ಬಂದವರು ಬೆರಳಿಟ್ಟು ಮುಟ್ಟಿದರೆ ಯಾವ ಅಂಗಡಿ ಎಲ್ಲಿದೆ, ಹೇಗೆ ಹೋಗಬೇಕು ಅಂತ ಅದು ತೋರಿಸಬೇಕು. ಅದರಲ್ಲಿ ಏನು ಕಾಣಬೇಕು, ಹೇಗೆ ಕಾಣಬೇಕು ಅನ್ನುವುದೇ ನಮ್ಮ ಕೆಲಸ. ಜಾಗ ನಿಜವಾದದ್ದಾಗಿರಬೇಕು, ದಾರಿಗಳೂ ನಿಜವಾಗಿರಬೇಕು. ಕೊನೆಯ ಸುತ್ತಿಗೆ ಆಯ್ಕೆಯಾದವರ ಸ್ಕ್ರೀನನ್ನ ಒಂದು ದಿನ ಅದೇ ಜಾಗದಲ್ಲಿ ನಿಲ್ಲಿಸಿ ನೋಡುತ್ತಾರೆ.

ನನ್ನ ತರಗತಿಯವರು ಆಸ್ಪತ್ರೆ, ಬಸ್ ನಿಲ್ದಾಣ, ಮ್ಯೂಸಿಯಂ ಅಂತ ಆರಿಸಿಕೊಂಡಿದ್ದಾರೆ. ದಾರಿ ತಪ್ಪೋದು ಅಂದರೆ ನನಗೆ ನೆನಪಾಗೋದು ನಿಮ್ಮ ಮಾರ್ಕೆಟ್ಟೇ. ಚಿಕ್ಕವಳಿದ್ದಾಗ ಅಪ್ಪನ ಕೈ ಬಿಡಿಸಿಕೊಂಡು ಹೋಗಿ ಎಲ್ಲಿ ಕಳೆದುಹೋದೆ ಅಂತ ಕೊನೆಗೂ ಯಾರಿಗೂ ಗೊತ್ತಾಗಲಿಲ್ಲ.

ನಾನಿರುವ ಊರಿಂದ ಅಲ್ಲಿಗೆ ಬಂದುಹೋಗೋದು ಈಗ ಆಗದ ಮಾತು. ಗೇಟು ಎಷ್ಟು, ಓಣಿ ಎಷ್ಟು, ಮೆಟ್ಟಿಲು ಎಲ್ಲಿ, ಜನ ನಿಜವಾಗಿ ಹೇಗೆ ಓಡಾಡುತ್ತಾರೆ ಅಂತ ನೀವು ನನ್ನ ಕಣ್ಣಾಗಿ ನೋಡಿ ಹೇಳಬೇಕು. ಬಿಡುವಾದಾಗ ಸಾಕು.

ನಿಮ್ಮ
ಗೀಚಿ


ಆಗಸ್ಟ್ 26

ಪ್ರೀತಿಯ ಗೀಚಿಗೆ,

ನನ್ನ ಬಿಲ್ ಪುಸ್ತಕದ ತುಂಬ ಗೀಚಿ ಈ ಹೆಸರು ಸಂಪಾದಿಸಿದವಳು ನೀನು. ಅದೇ ಗೀಚಾಟಕ್ಕೆ ಬಹುಮಾನ ಕೊಡುವವರು ಇದ್ದಾರೆ ಅಂತ ಆಗ ಗೊತ್ತಿದ್ದಿದ್ದರೆ ಬಯ್ಯುತ್ತಿರಲಿಲ್ಲ.

ನೀನು ಕಾಗದ ಬರೆದದ್ದು ಒಳ್ಳೆಯದೇ ಆಯಿತು. ಫೋನಿನಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ, ಇದು ಕೈಲಿರುತ್ತದೆ. ಮಧ್ಯಾಹ್ನ ಅಂಗಡಿಯನ್ನ ಜಿಪ್ಪಣ್ಣನಿಗೆ ಒಪ್ಪಿಸಿ ಟೇಪು ಹಿಡಿದು ಹೊರಟೆ. "ಏನಕ್ಕಾ, ಮಾರ್ಕೆಟ್ಟಿಗೇ ರವಿಕೆ ಹೊಲಿಸ್ತೀಯಾ?" ಅಂದ. ಅವನ ಮಾತಿಗೆ ಜಿಪ್ಪು ಹಾಕುವವರು ಯಾರೂ ಇಲ್ಲ.

ನಮ್ಮಲ್ಲಿ ದಾರಿ ಹೇಳುವ ಚಂದ ಕೇಳು. ಗೇಟುಗಳಿಗೆ ನಂಬರ್ ಇದೆ, ಆದರೆ ಯಾವುದು ಒಂದು ಯಾವುದು ಎರಡು ಅಂತ ಕಾವಲುಗಾರನಿಗೇ ಗೊತ್ತಿಲ್ಲ. "ಗೋಣಿಚೀಲ ಪೇರಿಸಿದ್ದಾರಲ್ಲ, ಅಲ್ಲಿ ತಿರುಗಿ" ಅಂತ ಹೇಳುತ್ತಾರೆ. ಕೇಳಿದವರು ಹೋಗುವಷ್ಟರಲ್ಲಿ ಚೀಲ ಮಾರಾಟವಾಗಿರುತ್ತದೆ. ಪಾತ್ರೆ ಅಂಗಡಿಯವನು ಕಂಬದ ಹತ್ತಿರ ಮಲಗುವ ಬೆಕ್ಕನ್ನ ಗುರುತು ಹೇಳುತ್ತಾನೆ. ಬೆಕ್ಕು ಎದ್ದು ಹೋದರೆ ಅವನ ವ್ಯಾಪಾರ ಅವತ್ತಿಗೆ ಮುಗಿಯಿತು.

ಬರೆದು ಹೇಳೋಕೆ ಹೋದೆ, ಆಗಲಿಲ್ಲ. ಅದಕ್ಕೇ ಲೈನಿಂಗ್ ಬಟ್ಟೆಯ ಮೇಲೆ ಹೊಲಿದು ಕಳಿಸಿದ್ದೇನೆ. ಒಂದೊಂದು ಅಂಗಡಿಗೆ ಒಂದೊಂದು ಗುಂಡಿ. ಪಾತ್ರೆಯವರಿಗೆ ಹಿತ್ತಾಳೆ ಬಣ್ಣದ್ದು, ಚಪ್ಪಲಿಯವರಿಗೆ ಕಂದು, ಮೇಲಿನ ಮಹಡಿಯ ಬಟ್ಟೆಯವರಿಗೆ ಹೊಳೆಯುವುದು. ಅಷ್ಟು ಬಾಡಿಗೆ ಕೊಡುತ್ತಾರೆ, ಹೊಳೆಯಲಿ. ಮುಂದಿನ ಗೇಟಿಗೆ ದೊಡ್ಡ ಕೆಂಪು ಗುಂಡಿ. ಅದರ ಮೇಲೆ ಬೆರಳಿಟ್ಟರೆ ನೀನು ಗೇಟಿನಲ್ಲಿ ನಿಂತಿದ್ದೀಯ ಅಂತ ತಿಳಿ. ಹಿಂದಿನ ಸಾಲಿನಲ್ಲಿ ಒಂದೇ ಒಂದು ಮುತ್ತಿನ ಗುಂಡಿ ಇದೆ. ಅದು ಯಾರು ಅಂತ ಕೇಳಬೇಡ.

ಒಂದು ಮುಖ್ಯ ವಿಷಯ. ಗೇಟಿನಿಂದ ನೇರ ಮೆಟ್ಟಿಲಿಗೆ ಹೋಗುವ ನಡುಓಣಿ ಇದೆಯಲ್ಲ, ಅದನ್ನ ಲೆಕ್ಕಕ್ಕೆ ಹಿಡಿಯಬೇಡ. ತಳ್ಳುಗಾಡಿ ನಿಂತು ನಿಂತು ಮುಚ್ಚಿಹೋಗಿದೆ. ಮೇಲಕ್ಕೆ ಹೋಗುವವರೆಲ್ಲ ಈಗ ಹಿಂದಿನ ಸಾಲು ಸುತ್ತಿಕೊಂಡೇ ಹೋಗೋದು. ನಿನ್ನ ಸ್ಕ್ರೀನಿನಲ್ಲೂ ಹಾಗೇ ತೋರಿಸು.

ಗುಂಡಿ ಅತ್ತೆ


ಸೆಪ್ಟೆಂಬರ್ 12

ಅತ್ತೆಗೆ ನಮಸ್ಕಾರ.

ಬಟ್ಟೆ ಬಂತು. ಬಿಡಿಸಿ ಮೇಜಿನ ಮೇಲೆ ಹರಡಿದೆ, ತರಗತಿಯವರೆಲ್ಲ ಬಂದು ಮುತ್ತಿಕೊಂಡರು. ಮೇಡಂ ಬೆರಳು ಇಟ್ಟು ಗೇಟಿನಿಂದ ಮೆಟ್ಟಿಲಿನವರೆಗೆ ತಡವಿಕೊಂಡು ಹೋದರು. ಆಮೇಲೆ ಗೋಡೆಗೆ ನೇತುಹಾಕಿದರು. ಆಸ್ಪತ್ರೆ ಆರಿಸಿಕೊಂಡ ಹುಡುಗನ ಮುಖ ನೋಡಬೇಕಿತ್ತು.

ಅಂಗಡಿಗಳನ್ನ ತೋರಿಸಲು ಏನೇನೋ ಚಿತ್ರ ಬರೆದು ಬಿಟ್ಟಿದ್ದೆ. ಈಗ ಅದೆಲ್ಲ ತೆಗೆದು ಗುಂಡಿಗಳನ್ನೇ ಇಟ್ಟಿದ್ದೇನೆ. ಸ್ಕ್ರೀನು ಹತ್ತಿದ ತಕ್ಷಣ ಕೆಂಪು ಗುಂಡಿ ಮಿನುಗುತ್ತದೆ, ಅದರ ಪಕ್ಕ "ನೀವು ಇಲ್ಲಿ" ಅಂತ ಬರುತ್ತದೆ. ಬೇಕಾದ ಅಂಗಡಿ ಮುಟ್ಟಿದರೆ ಕೆಂಪು ದಾರ ಹೊಲಿದುಕೊಂಡು ಅಲ್ಲಿಗೆ ಹೋಗುತ್ತದೆ. ಹೊಲಿಗೆಯೇ ದಾರಿ. ಇದು ನಿಮ್ಮದೇ ಐಡಿಯಾ, ನನ್ನ ಹೆಸರಿನಲ್ಲಿ ಹೋಗುತ್ತಿದೆ ಅಷ್ಟೇ.

ಒಂದು ಅನುಮಾನ. ನಡುಓಣಿ ದಿನವಿಡೀ ಮುಚ್ಚಿರುತ್ತದಾ, ಬೆಳಿಗ್ಗೆ ಕೂಡ? ಹಿಂದಿನ ಸಾಲು ಸುತ್ತಿ ಹೋಗುವ ದಾರಿ ತುಂಬ ಉದ್ದ. ವಯಸ್ಸಾದವರು ಹೇಗೆ ನಡೆಯುತ್ತಾರೆ?

ನಿಮ್ಮ
ಗೀಚಿ


ಸೆಪ್ಟೆಂಬರ್ 24

ಪ್ರೀತಿಯ ಗೀಚಿಗೆ,

ನಡುಓಣಿ ಬೆಳಿಗ್ಗೆ ಮುಚ್ಚಿರುತ್ತದೆ, ಮಧ್ಯಾಹ್ನ ಇನ್ನೂ ಚೆನ್ನಾಗಿ ಮುಚ್ಚಿರುತ್ತದೆ, ಸಂಜೆ ಅಂತೂ ಕೇಳಬೇಡ. ವಯಸ್ಸಾದವರಿಗೆ ಹಿಂದಿನ ಸಾಲಿನಲ್ಲಿ ಕೂರಲು ಸ್ಟೂಲು ಹಾಕುತ್ತೇವೆ. ಕೂತವರು ಸುಮ್ಮನೆ ಕೂರಲ್ಲ, ಒಂದು ಡಜನ್ ರವಿಕೆ ಹುಕ್ಕಾದರೂ ತಗೋತಾರೆ. ಇದರಲ್ಲಿ ಯಾರಿಗೂ ನಷ್ಟವಿಲ್ಲ.

ನೀನು ಕಳಿಸಿದ ಚಿತ್ರದ ಪ್ರತಿ ನೋಡಿದೆ. ಹೊಲಿಗೆ ಚೆನ್ನಾಗಿದೆ, ಆದರೆ ಅಕ್ಷರ ಇರುವೆ ಸಾಲಿನ ಹಾಗಿದೆ. ಸೂಜಿಗೆ ದಾರ ಪೋಣಿಸುವವಳು ನಾನು, ನನಗೇ ಕಾಣಲಿಲ್ಲ. ದೊಡ್ಡದು ಮಾಡು. ನಾಚಿಕೆ ಬಿಟ್ಟು ದೊಡ್ಡದು ಮಾಡು. ಮಾರ್ಕೆಟ್ಟಿನಲ್ಲಿ ಮೆಲ್ಲಗೆ ಮಾತಾಡಿದವರ ಮಾಲು ಯಾವತ್ತೂ ಮಾರಿಹೋಗಿಲ್ಲ.

ಇಲ್ಲಿನ ಸುದ್ದಿ ಅಂಥದ್ದೇನೂ ಇಲ್ಲ. ಮೊನ್ನೆ ಒಬ್ಬಾಕೆ ನನ್ನ ಅಂಗಡಿಯಲ್ಲಿ ಕೊಡೆ ಮರೆತು ಹೋದಳು. ಜಿಪ್ಪಣ್ಣ ಅದನ್ನ ಹಿಡಿದು ನಡುಓಣಿಯಲ್ಲಿ ಓಡಿದ. ಆ ಅವಸರದಲ್ಲಿ ಗುಂಡಿ ಒತ್ತಿಹೋಗಿ ಕೊಡೆ ಬಿಚ್ಚಿಕೊಂಡಿತು. ಬಿಚ್ಚಿದ ಕೊಡೆ ಮುಂದೆ ಹಿಡಿದು ಆ ಮನುಷ್ಯ ಓಡಿದ್ದನ್ನ ನೋಡಿ ಪಾತ್ರೆ ಅಂಗಡಿಯ ಬೆಕ್ಕು ಕಂಬ ಹತ್ತಿತು. ಗೇಟಿನಲ್ಲಿ ಆಕೆಯನ್ನ ಹಿಡಿದೇ ಹಿಡಿದ. "ತಗೋಳಿ ಅಮ್ಮಾ" ಅಂತ ಕೊಟ್ಟರೆ, "ಇದು ನನ್ನದಲ್ಲ, ನಿಮ್ಮ ಅಂಗಡಿಯಲ್ಲೇ ಇತ್ತು" ಅಂದಳಂತೆ. ಹೌದು, ಅದು ನನ್ನದೇ ಕೊಡೆ.

ಗುಂಡಿ ಅತ್ತೆ


ಅಕ್ಟೋಬರ್ 9

ಅತ್ತೆಗೆ ನಮಸ್ಕಾರ.

ಅಕ್ಷರ ದೊಡ್ಡದು ಮಾಡಿದೆ. ನೀವು ಹೇಳಿದ್ದಕ್ಕಿಂತ ಒಂದು ಪಟ್ಟು ಜಾಸ್ತಿಯೇ. ಸ್ಕ್ರೀನಿನಲ್ಲಿ ಪ್ರತಿ ಪದವೂ ಕಣ್ಣಿಗೆ ಕಾಣದ ಒಂದೊಂದು ಡಬ್ಬಿಯೊಳಗೆ ಕೂರುತ್ತದೆ. ನನ್ನ ಕಂಪ್ಯೂಟರಿನಲ್ಲಿ ಎಲ್ಲ ಸರಿಯಾಗಿ ಕೂತಿದೆ, ನೋಡಲು ಗಟ್ಟಿಯಾಗಿ ಕಾಣುತ್ತದೆ.

ಕೊಡೆಯ ಕಥೆ ಓದಿ ಹಾಸ್ಟೆಲಿನಲ್ಲಿ ಎಲ್ಲರಿಗೂ ಹೇಳಿದೆ. ಒಂದು ಪ್ರಶ್ನೆ, ಕೆಲಸಕ್ಕೇನೂ ಸಂಬಂಧವಿಲ್ಲ. ಜಿಪ್ಪಣ್ಣ ಈಗಲೂ ಅಷ್ಟೇ ದಪ್ಪ ಇದ್ದಾರಾ? ಮತ್ತೆ, ಕೊಡೆ ಪೂರ್ತಿ ಬಿಚ್ಚಿತ್ತಾ?

ನಿಮ್ಮ
ಗೀಚಿ


ಅಕ್ಟೋಬರ್ 20

ಪ್ರೀತಿಯ ಗೀಚಿಗೆ,

ನೀನು ಕೇಳಿದೆ ಅಂತ ಜಿಪ್ಪಣ್ಣನಿಗೆ ಹೇಳಿದೆ, ಖುಷಿಪಟ್ಟ. ದೂರ ಇದ್ದರೂ ವಿಚಾರಿಸುತ್ತಾಳಲ್ಲ ಅಂದ. ದಪ್ಪವೇನು ಕಡಿಮೆಯಾಗಿಲ್ಲ. ತನ್ನ ಅಂಗಡಿಯೊಳಗೆ ಹೋಗಬೇಕಾದರೆ ಈಗ ಎರಡೂ ಬಾಗಿಲು ತೆಗೆಯುತ್ತಾನೆ. ಕೊಡೆ ಪೂರ್ತಿ ಬಿಚ್ಚಿತ್ತು, ಒಂದು ಕಡ್ಡಿ ಕೂಡ ಬಾಗಿಲ್ಲ. ಗಟ್ಟಿ ಕೊಡೆ.

ನಿನ್ನ ಕೆಲಸ ಎಲ್ಲಿಗೆ ಬಂತು, ಬರೆ.

ಗುಂಡಿ ಅತ್ತೆ


ಡಿಸೆಂಬರ್ 3

ಅತ್ತೆಗೆ ನಮಸ್ಕಾರ.

ಕೊನೆಯ ಸುತ್ತಿಗೆ ಆಯ್ಕೆಯಾದೆ.

ಜನವರಿ 21ಕ್ಕೆ ಸ್ಪರ್ಧೆಯವರು ಸ್ಕ್ರೀನು ತಂದು ಮುಂದಿನ ಗೇಟಿನಲ್ಲಿ ನಿಲ್ಲಿಸುತ್ತಾರೆ. ಬಂದ ಗಿರಾಕಿಗಳಿಗೆ "ಕತ್ತರಿ ಅಂಗಡಿಗೆ ಹೋಗಿ", "ಮೇಲಿನ ಮಹಡಿಗೆ ಹೋಗಿ" ಅಂತ ಹೇಳಿ, ಸ್ಕ್ರೀನು ನೋಡಿಕೊಂಡು ತಲುಪುತ್ತಾರಾ ಅಂತ ಗಮನಿಸುತ್ತಾರೆ. ನನಗೆ ಅವತ್ತೇ ಪರೀಕ್ಷೆ. ಬರಲಾಗುವುದಿಲ್ಲ. ನೀವು ಇರುತ್ತೀರಲ್ಲ.

ಕೊನೆ ಗಳಿಗೆಯಲ್ಲಿ ಒಂದೆರಡು ಚಿಕ್ಕ ತಿದ್ದುಪಡಿ ಮಾಡಿದೆ. ನಿಮಗೆ ಬರೆಯುವಷ್ಟು ದೊಡ್ಡದೇನಲ್ಲ.

ನಿಮ್ಮ
ಗೀಚಿ


ಜನವರಿ 14

ಪ್ರೀತಿಯ ಗೀಚಿಗೆ,

ನೀನು ಪರೀಕ್ಷೆ ಬರಿ, ಇಲ್ಲಿಯದು ನನಗೆ ಬಿಡು. ಅವತ್ತು ನಿನ್ನ ನಕ್ಷೆಯಲ್ಲಿ ಮಾರ್ಕೆಟ್ಟು ಹೇಗಿದೆಯೋ ಹಾಗೇ ಇರುತ್ತದೆ. ಒಂದು ಕೂದಲು ಆಚೀಚೆ ಆಗದ ಹಾಗೆ ನೋಡಿಕೊಳ್ಳುತ್ತೇನೆ. ತಳ್ಳುಗಾಡಿಯವರ ಜೊತೆಯೂ ಮಾತಾಡಿದ್ದೇನೆ.

ಗುಂಡಿ ಅತ್ತೆ


ಜನವರಿ 22

ಪ್ರೀತಿಯ ಗೀಚಿಗೆ,

ನಿಧಾನವಾಗಿ ಓದು. ಓದುವಾಗ ಏನೂ ಕುಡಿಯಬೇಡ, ನೆತ್ತಿಗೆ ಹತ್ತೀತು.

ಸ್ಕ್ರೀನು ನಿನ್ನೆ ಬೆಳಿಗ್ಗೆಯೇ ಬಂತು. ಅದರ ಜೊತೆ ಗಡಿಯಾರ ನೋಡುವ ಒಬ್ಬ, ಬರೆದುಕೊಳ್ಳುವ ಒಬ್ಬಾಕೆ. ಹತ್ತಿಸಿದರು. ಕೆಂಪು ಗುಂಡಿ ಮಿನುಗಿತು. ಒಬ್ಬ ಅಜ್ಜ ಮುಂದೆ ಬಂದು, ಬೆರಳು ಇಟ್ಟು ಒಂದೊಂದೇ ಅಕ್ಷರ ಗಟ್ಟಿಯಾಗಿ ಓದಿದರು. "ನೀ... ವು... ಇ... ಲಿ." ಹಿಂತಿರುಗಿ ಹೆಂಡತಿಯನ್ನ ಕೇಳಿದರು, "ಯಾರಿಗೆ ಹೇಳ್ತಿದೆ ಇದು?"

"ಮುಂದೆ ನಿಂತಿರೋರು ನೀವೇ ತಾನೇ" ಅಂದರು ಆಕೆ.

ನಾನು ಕನ್ನಡಕ ಒರೆಸಿ ನೋಡಿದೆ. ಅಕ್ಷರ ಎಷ್ಟು ದೊಡ್ಡದಾಗಿತ್ತೆಂದರೆ ಕೆಳಗಿನ ಒತ್ತು ನಿನ್ನ ಡಬ್ಬಿಯೊಳಗೆ ಹಿಡಿಸಿಲ್ಲ. ಕತ್ತರಿಸಿದ ಹಾಗೆ ಹೋಗಿಬಿಟ್ಟಿದೆ. ಇಲ್ಲಿ ಹೋಗಿ ಇಲಿ. ಚಪ್ಪಲಿ ಹೋಗಿ ಚಪಲಿ. ಮೆಟ್ಟಿಲು ಮೆಟಿಲು, ಕತ್ತರಿ ಕತರಿ. ಇಡೀ ಮಾರ್ಕೆಟ್ಟು ಹಲ್ಲು ಉದುರಿದವರ ಹಾಗೆ ಮಾತಾಡುತ್ತಿತ್ತು. ಲೇಸು, ದಾರದವರ ಜೊತೆ ಪೂರ್ತಿ ಉಳಿದವಳು ನಾನು, ಗುಂಡಿಗೆ ಒತ್ತೇ ಇಲ್ಲವಲ್ಲ. ಜಿಪ್ಪಣ್ಣ ಬಂದು ತನ್ನದು ಓದಿಕೊಂಡ. "ಜಿಪು ಅಂತೆ. ನಿನ್ನ ಅಣ್ಣನ ಮಗಳು ನಿನ್ನ ಹೆಸರನ್ನ ಮಾತ್ರ ನೆಟ್ಟಗೆ ಬರೆದಿದಾಳೆ. ಇರಲಿ ಅಕ್ಕಾ, ಇರಲಿ." ಆಗಿನಿಂದ ಮಾತಿಲ್ಲ.

ಗದ್ದಲ ಕೇಳಿ ಅಧ್ಯಕ್ಷರು ಬಂದರು. "ನಮ್ಮ ಮಾರ್ಕೆಟ್ಟಲ್ಲಿ ಇಲಿ ಇದೆ ಅಂತ ಹಾಕಿದೋರು ಯಾರು?" ಅಂದರು. ತಳ್ಳುಗಾಡಿಯವನೊಬ್ಬ, "ಇದೆ ಅಂತ ಹಾಕಿಲ್ಲ ಸಾರ್, ನೀವೇ ಅಂತ ಹಾಕಿದಾರೆ" ಅಂದ.

ಇಷ್ಟಾದರೂ ನಾನು ಧೈರ್ಯವಾಗೇ ಇದ್ದೆ. ಆಮೇಲೆ ಗಡಿಯಾರದವನು ಒಬ್ಬಳಿಗೆ ಮೇಲಿನ ಮಹಡಿಗೆ ಹೋಗಿ ಅಂದ. ಅವಳು ಮುಟ್ಟಿದಳು. ಕೆಂಪು ದಾರ ಗೇಟಿನಿಂದ ಹೊರಟು, ಹಿಂದಿನ ಸಾಲಿನ ಕಡೆ ತಿರುಗದೆ, ನೇರ ನಡುಓಣಿಯಲ್ಲಿ ಹೊಲಿದುಕೊಂಡು ಹೋಯಿತು.

ನಾನು ದಾರ ನೋಡಿದೆ. ಆಮೇಲೆ ನಡುಓಣಿ ನೋಡಿದೆ.

ನಡುಓಣಿಯಲ್ಲಿ ಅವತ್ತು ಮಾರ್ಕೆಟ್ಟಿನ ತಳ್ಳುಗಾಡಿಗಳೆಲ್ಲ ನಿಂತಿದ್ದವು. ಬೆಳಿಗ್ಗೆಯಿಂದ ಚಹಾ ಕುಡಿಸಿ ನಾನೇ ನಿಲ್ಲಿಸಿದ್ದು. ನಿನ್ನ ನಕ್ಷೆ ಸುಳ್ಳಾಗಬಾರದು ಅಂತ. ಸ್ಕ್ರೀನು ಜನರನ್ನ ಒಳಗೆ ಕಳಿಸುತ್ತಲೇ ಇತ್ತು, ಓಣಿ ಅವರನ್ನ ನುಂಗುತ್ತಲೇ ಇತ್ತು. ಹೊರಬರಲು ಜಾಗವಿಲ್ಲ. ಎರಡು ಗಾಡಿಯ ನಡುವೆ ಸಿಕ್ಕಿಕೊಂಡ ಜಿಪ್ಪಣ್ಣನನ್ನ ಎಳೆಯೋಕೆ ಹೋಗಿ ನನ್ನ ಟೇಪು ಕಿತ್ತುಹೋಯಿತು. ಅಷ್ಟು ಹೊತ್ತಿಗೆ ಮೆಟ್ಟಿಲು ಮುಟ್ಟಿದವರು ಯಾರೂ ಇಲ್ಲ. ಬೇಸತ್ತು ಸುತ್ತಿ ಬಂದ ಕೆಲವರು ನಮ್ಮ ಸಾಲಿನಲ್ಲಿ ಸ್ಟೂಲು ನೋಡಿ ಕೂತರು.

ಬರೆದುಕೊಳ್ಳುವಾಕೆ ನನ್ನನ್ನ ಏನೋ ಕೇಳಿದರು. ನಾನು ಏನೋ ಹೇಳಿದೆ. ಸಂಜೆಗೆ ಸ್ಕ್ರೀನು ಗಾಡಿ ಹತ್ತಿತು.

ದಾರಿ ಬದಲಿಸಿದ್ದನ್ನ ಒಂದು ಮಾತು ಬರೆಯಬಹುದಿತ್ತು. ಇರಲಿ.

ಗುಂಡಿ ಅತ್ತೆ


ಫೆಬ್ರವರಿ 2

ಅತ್ತೆಗೆ ನಮಸ್ಕಾರ.

ನಿಮ್ಮ ಕಾಗದ ಬಂದು ಎಷ್ಟೋ ದಿನವಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಎದ್ದುಹೋಗುತ್ತಿದ್ದೆ.

ಒತ್ತಿನ ತಪ್ಪು ನನ್ನದು. ಅಕ್ಷರ ದೊಡ್ಡದು ಮಾಡಿದೆ, ಡಬ್ಬಿ ಎತ್ತರಿಸುವುದು ಮರೆತೆ. ನನ್ನ ಕಂಪ್ಯೂಟರು ಮೆತ್ತಗಿನದು, ಡಬ್ಬಿಯ ಹೊರಗೆ ಚಾಚಿದ್ದನ್ನೂ ತೋರಿಸಿತು. ಅವರ ಸ್ಕ್ರೀನು ಕತ್ತರಿಸಿತು. ಇಂಗ್ಲಿಷಿನವರಿಗೆ ಈ ಕಷ್ಟ ಅಷ್ಟಾಗಿ ಗೊತ್ತಿಲ್ಲ, ಅವರ ಅಕ್ಷರಗಳು ಕಾಲು ಮಡಚಿ ಕೂರುತ್ತವೆ. ನಮ್ಮವು ಕಾಲು ಇಳಿಬಿಡುತ್ತವೆ.

ದಾರಿಯ ವಿಷಯ. ಕೊಡೆ ಪೂರ್ತಿ ಬಿಚ್ಚಿ ಜಿಪ್ಪಣ್ಣ ಓಡುವಷ್ಟು ಅಗಲವಾದ ಓಣಿ ಮುಚ್ಚಿಹೋಗಿದೆ ಅಂತ ನಾನು ಹೇಗೆ ನಂಬಲಿ ಅತ್ತೆ? ಅದಕ್ಕೇ ತಿದ್ದಿದೆ. ನಿಮಗೆ ಹೇಳಿದರೆ ನಾಚಿಕೆಯಾದೀತು ಅಂತ ಹೇಳಲಿಲ್ಲ. ನಿಮ್ಮ ಅಂಗಡಿ ಮುಂದೆ ಜನ ಬರಲಿ ಅನ್ನೋ ಆಸೆ ಅಷ್ಟೇ ಅಂದುಕೊಂಡೆ. ಅದರಲ್ಲಿ ತಪ್ಪೇನಿದೆ, ನೇರವಾಗಿ ಕೇಳಿದ್ದರೆ ಮುತ್ತಿನ ಗುಂಡಿಯನ್ನ ಇನ್ನೂ ದೊಡ್ಡದಾಗಿ ಹಾಕುತ್ತಿದ್ದೆ.

ಪರೀಕ್ಷೆ ಪರವಾಗಿಲ್ಲ.

ಗೀಚಿ


ಫೆಬ್ರವರಿ 11

ಪ್ರೀತಿಯ ಗೀಚಿಗೆ,

ಆ ಹಾಳು ಕೊಡೆ. ನನ್ನ ಬಾಯಿಗೇ ಒಂದು ಡಬ್ಬಿ ಇರಬೇಕಿತ್ತು, ಹೊರಗೆ ಚಾಚಿದ್ದನ್ನ ಕತ್ತರಿಸೋಕೆ.

ಆದದ್ದಾಯಿತು, ಈಗ ಹೊಸ ಸುದ್ದಿ. ಸ್ಕ್ರೀನು ಹೋದರೂ ಇಲಿ ಹೋಗಿಲ್ಲ. ಜನ ಮುಂದಿನ ಗೇಟಿಗೆ ಇಲಿ ಗೇಟು ಅನ್ನುತ್ತಿದ್ದಾರೆ. ನಿನ್ನೆ ಒಬ್ಬಳು ಫೋನಿನಲ್ಲಿ, "ನಾನು ಇಲಿ ಹತ್ತಿರ ನಿಂತಿದೀನಿ, ಬೇಗ ಬಾ" ಅಂತಿದ್ದಳು. ಪಾತ್ರೆ ಅಂಗಡಿಯವನೇ ಬೆಕ್ಕನ್ನ ಬಿಟ್ಟು "ಇಲಿಯಿಂದ ಎಡಕ್ಕೆ" ಅಂತ ಹೇಳೋಕೆ ಶುರು ಮಾಡಿದ್ದಾನೆ. ನಂಬರು ಹಾಕಿ ಎಷ್ಟೋ ವರ್ಷವಾದರೂ ಆ ಗೇಟಿಗೆ ಹತ್ತದ ಹೆಸರು ಒಂದೇ ದಿನದಲ್ಲಿ ಹತ್ತಿತು.

ಹೊಸದಾಗಿ ಬಂದವರು ಇಲಿ ಎಲ್ಲಿ ಅಂತ ಹುಡುಕುತ್ತಾರೆ. ಅದಕ್ಕೇ ಬೂದು ಬಟ್ಟೆಯಲ್ಲಿ ಒಂದು ದಪ್ಪ ಇಲಿ ಹೊಲಿದು, ಕಪ್ಪು ಗುಂಡಿಯ ಕಣ್ಣಿಟ್ಟು ಗೇಟಿನ ಮೇಲೆ ಕೂರಿಸಿದ್ದೇನೆ. ಅಧ್ಯಕ್ಷರು ನೋಡಿಯೂ ನೋಡದ ಹಾಗೆ ಹೋದರು. ಜಿಪ್ಪಣ್ಣನ ಹಾಗೇ ಇದೆ ಅಂತ ಎಲ್ಲರೂ ಅನ್ನುತ್ತಾರೆ. ನಾನು ಹಾಗೆ ಅಂದುಕೊಂಡು ಹೊಲಿಯಲಿಲ್ಲ, ಕೈ ಹಾಗೆ ಹೋಯಿತು.

ಗುಂಡಿ ಅತ್ತೆ


ಫೆಬ್ರವರಿ 23

ಅತ್ತೆಗೆ ನಮಸ್ಕಾರ.

ಫಲಿತಾಂಶ ಬಂತು. ಗೆಲ್ಲಲಿಲ್ಲ. ಆಸ್ಪತ್ರೆಯ ಹುಡುಗನೂ ಗೆಲ್ಲಲಿಲ್ಲ, ಅದೊಂದು ಸಮಾಧಾನ.

ತೀರ್ಪುಗಾರರ ಮಾತು ಮೇಡಂ ಓದಿ ಹೇಳಿದರು. "ನಕ್ಷೆ ಸರಿ, ದಾರಿ ಸರಿ, ಅಕ್ಷರ ತಪ್ಪು." ದಾರಿ ಸರಿ ಅಂತ ಹೇಗೆ ಬಂತು, ಓಣಿ ಮುಚ್ಚಿತ್ತಲ್ಲ ಅಂತ ಕೇಳಿದೆ. ಆಗ ಗೊತ್ತಾಯಿತು. ಈ ಓಣಿ ಯಾವಾಗಲೂ ಹೀಗೇನಾ ಅಂತ ಆ ಬರೆದುಕೊಳ್ಳುವಾಕೆ ನಿಮ್ಮನ್ನ ಕೇಳಿದರಂತೆ. "ಇಲ್ಲ, ಇವತ್ತು ಮಾತ್ರ. ನಾನೇ ನಿಲ್ಲಿಸಿದ್ದು. ನಮ್ಮ ಹುಡುಗಿಯ ಗೆರೆ ಸರಿಯಾಗಿದೆ" ಅಂದಿರಂತೆ, ಅಧ್ಯಕ್ಷರ ಎದುರಿಗೇ. "ನಾನು ಏನೋ ಹೇಳಿದೆ" ಅಂತ ಮಾತ್ರ ಬರೆದಿದ್ದಿರಿ.

ಇನ್ನೊಂದು. ರಜೆಯಲ್ಲಿ ಬಂದು ತಮ್ಮ ಎಲ್ಲ ಸ್ಕ್ರೀನುಗಳಲ್ಲೂ ಒತ್ತಕ್ಷರ ಉಳಿದಿದೆಯಾ ಅಂತ ನೋಡಿಕೊಡು, ಸಂಬಳ ಕೊಡುತ್ತೇವೆ ಅಂತ ಸ್ಪರ್ಧೆಯವರು ಕರೆದಿದ್ದಾರೆ. ಬಹುಮಾನವಲ್ಲ, ಆದರೆ ಕೆಲಸ.

ಈ ಕೆಲಸ ಹೇಗೆ ಬೆಳೆಯಿತು ಅಂತ ಮೇಡಂ ಒಂದು ಕಡತ ಮಾಡಿಸುತ್ತಿದ್ದಾರೆ. ನಮ್ಮ ಕಾಗದಗಳನ್ನೆಲ್ಲ ಕಳಿಸುತ್ತೀರಾ? ನೀವು ಎಸೆದಿರುವುದಿಲ್ಲ ಅಂತ ಗೊತ್ತು.

ನಿಮ್ಮ
ಗೀಚಿ


ಮಾರ್ಚ್ 10

ಅತ್ತೆಗೆ ನಮಸ್ಕಾರ.

ಕಟ್ಟು ಬಂತು. ಮೇಲಿನ ಕಾಗದ ಓದಿ ಉಳಿದದ್ದನ್ನ ಮತ್ತೆ ಮೊದಲಿನಿಂದ ಓದಿದೆ. ಅದೇ ಕಾಗದಗಳು, ಆದರೆ ಬರೆದವರು ಬೇರೆ ಯಾರೋ ಅನ್ನಿಸಿತು.

ಸಾಲು ಹೋಗುತ್ತದೆ ಅಂತ ಗೊತ್ತಿದ್ದೂ, ಅಧ್ಯಕ್ಷರ ಮುಂದೆ ನಿಂತು, ಜನ ಬರುವ ದಾರಿ ನಡುಓಣಿಯೇ ಅಂತ ನೀವೇ ಒಪ್ಪಿಕೊಂಡಿರಿ. ಇದನ್ನ ಖರ್ಚಿನಲ್ಲಿ ಬರೆದಿಲ್ಲ. ನೀವು ಲೆಕ್ಕ ತಪ್ಪಿದ್ದನ್ನ ನಾನು ನೋಡಿದ್ದು ಇದೇ ಮೊದಲು.

ಇದರ ಜೊತೆ ಒಂದು ಹಾಳೆ ಇದೆ. ಇಲಿಯ ಚಿತ್ರ, ಅಂಗೈಯಷ್ಟು. ತಗಡಿನ ಮೇಲೆ ಬರೆಸಿ, ಗೇಟಿನಿಂದ ಹಿಡಿದು ಪ್ರತಿ ತಿರುವಿನಲ್ಲೂ ಹೊಡೆಯಬಹುದು. ಮೂತಿ ಇರುವ ಕಡೆ ಮೆಟ್ಟಿಲು, ನಡುಓಣಿಯ ಮೇಲೆ. ಬಾಲ ಇರುವ ಕಡೆ ಹಿಂದಿನ ಸಾಲು. ಬಾಲವನ್ನ ದಾರದ ಹಾಗೆ ಹೊಲಿಗೆ ಹಾಕಿ ಬರೆದಿದ್ದೇನೆ, ತುದಿಗೆ ಒಂದು ಗುಂಡಿ. ಎರಡೂ ನಿಜವಾದ ದಾರಿಗಳು. ಯಾರನ್ನೂ ಸುತ್ತಿಸುವುದಿಲ್ಲ, ಹಿಂದೆಯೂ ಏನೋ ಇದೆ ಅಂತ ಹೇಳುತ್ತದೆ ಅಷ್ಟೇ. ಈ ಸಲ ಅಕ್ಷರವೇ ಇಲ್ಲ. ಇಲಿಗೆ ನಾಲ್ಕು ಕಾಲಿವೆ, ನಾಲ್ಕೂ ಡಬ್ಬಿಯ ಒಳಗಿವೆ ಅಂತ ಎಣಿಸಿ ನೋಡಿದ್ದೇನೆ.

ಇಪ್ಪತ್ತರ ಸಭೆಗೆ ಇದನ್ನ ಇಡಿ. ಜಿಪ್ಪಣ್ಣನಿಗೆ ನನ್ನ ಪರವಾಗಿ ಕ್ಷಮೆ ಕೇಳಿ, ಅವರ ಒತ್ತು ನಾನು ಬೇಕೆಂದು ತೆಗೆದದ್ದಲ್ಲ.

ನಿಮ್ಮ
ಗೀಚಿ


ಮಾರ್ಚ್ 21

ಪ್ರೀತಿಯ ಗೀಚಿಗೆ,

ತಗಡಿನವನ ಹತ್ತಿರ ಹೋಗಿ, ಸಭೆಗೆ ಮೊದಲೇ ಇಲಿಗಳನ್ನ ಬರೆಸಿ ಹೊಡೆಸಿಬಿಟ್ಟೆ. ಒಪ್ಪಿಗೆ ಕೇಳಿ ಹೊಡೆದರೆ ಅದು ಅರ್ಜಿ. ಹೊಡೆದು ಒಪ್ಪಿಗೆ ಕೇಳಿದರೆ ಅದು ಮಾರ್ಕೆಟ್ಟಿನ ರೂಢಿ. ಎರಡನೇ ದಿನವೇ ಬಾಲ ಹಿಡಿದು ಒಬ್ಬರಿಬ್ಬರು ನಮ್ಮ ಸಾಲಿಗೆ ಬಂದರು. "ಈ ಸಾಲು ಇದೆ ಅಂತಲೇ ಗೊತ್ತಿರಲಿಲ್ಲ" ಅಂದರು. ಈ ಮಾತನ್ನ ಸಭೆಯಲ್ಲಿ ಬಂದು ಹೇಳಿ ಅಂದೆ. ಬರಲಿಲ್ಲ, ಲೇಸು ತಗೊಂಡು ಹೋದರು.

ಸಭೆಯಲ್ಲಿ ನಾನು ಮಾತಾಡುವ ಹಾಗಿರಲಿಲ್ಲ. ನಾನು ಬಾಯಿ ಬಿಟ್ಟ ಕೂಡಲೇ ಅಧ್ಯಕ್ಷರು, "ತಳ್ಳುಗಾಡಿ ನಿಲ್ಲಿಸಿದೋರು ನೀವೇ ಅಲ್ವಾ" ಅಂದರು. ನಾನೇ ಅಂದೆ. ಕೂತೆ.

ಆಗ ಹಿಂದಿನಿಂದ ಜಿಪ್ಪಣ್ಣ ಎದ್ದ. ಅವನು ಎದ್ದರೆ ಬೆಳಕು ಕಡಿಮೆಯಾಗುತ್ತದೆ, ಎಲ್ಲರೂ ನೋಡುತ್ತಾರೆ. "ಸಾರ್, ಇಲಿ ಬಾಲ ಎಲ್ಲ ತಿರುವಲ್ಲೂ ನಮ್ಮ ಸಾಲನ್ನೇ ತೋರಿಸ್ತಿದೆ. ಸಾಲು ಎತ್ತಿದರೆ ಜನ ಬಾಲ ಹಿಡಿದು ಬಂದು ಗೋಡೌನಿನ ಬೀಗ ನೋಡ್ತಾರೆ. ಇಲ್ಲಾಂದ್ರೆ ಎಲ್ಲಾ ಇಲಿಗಳ ಬಾಲ ಕತ್ತರಿಸಬೇಕು. ಆ ಖರ್ಚು ಯಾರದು?" ಅಂದ. ಅಧ್ಯಕ್ಷರು ತಮ್ಮ ಪೆನ್ನಿನ ಮುಚ್ಚಳ ತೆಗೆದರು. ನನ್ನ ಕಡೆ ತಿರುಗಿ, "ಅವತ್ತು 'ಇವತ್ತು ಮಾತ್ರ' ಅಂತ ನಿಜ ಹೇಳಿದ್ರಲ್ಲ, ಹಾಗೇ ನಿಜ ಹೇಳಿ, ಜನ ಬರ್ತಿದಾರಾ?" ಅಂದರು.

"ಬರ್ತಿದಾರೆ. ಜಾಸ್ತಿ ಇಲ್ಲ, ಆದ್ರೆ ಬರ್ತಿದಾರೆ" ಅಂದೆ.

ಒಂದು ವರ್ಷ ನೋಡೋಣ ಅಂತ ಬರೆದುಕೊಂಡರು.

ಹೊರಗೆ ಬಂದಾಗ ಜಿಪ್ಪಣ್ಣನಿಗೆ ನಿನ್ನ ಕ್ಷಮೆ ತಲುಪಿಸಿದೆ. "ಮಾತಾಡ್ತಿಲ್ಲ ನಾನು" ಅಂತ ಮಾತಾಡಿದ.

ಇನ್ನು ಲಾಭದ ಕಡೆ ತುಂಬಿಸಿಬಿಡುತ್ತೇನೆ.

ಸ್ಪರ್ಧೆ ಗೆದ್ದವರು ಯಾರೋ, ಅವರಿಗೆ ಬಹುಮಾನ. ನಿನ್ನ ಮೇಡಂಗೆ ಗೋಡೆಯ ಮೇಲೆ ಒಂದು ಬಟ್ಟೆ. ತಳ್ಳುಗಾಡಿಯವರಿಗೆ ಚಹಾ. ಪಾತ್ರೆ ಅಂಗಡಿಯ ಬೆಕ್ಕಿಗೆ ಕೆಲಸದಿಂದ ಬಿಡುವು. ಅಧ್ಯಕ್ಷರಿಗೆ ಪುಕ್ಕಟೆ ಬೋರ್ಡುಗಳು. ಜಿಪ್ಪಣ್ಣನಿಗೆ ಅಂಗಡಿಯ ಮೇಲೆ ಹೊಸ ಹೆಸರು, ಒತ್ತು ಮೊಣಕಾಲುದ್ದ ಬರೆಸಿದ್ದಾನೆ. ಇಲಿಗೆ ಒಂದು ಗೇಟು. ನಿನಗೆ ರಜೆಯ ಕೆಲಸ, ನಮ್ಮ ಅಕ್ಷರಗಳ ಕಾಲು ಕಾಯೋದು. ಹಿಂದಿನ ಸಾಲಿಗೆ ಒಂದು ವರ್ಷ.

ನಾನು ಇಲ್ಲಿ.

ಗುಂಡಿ ಅತ್ತೆ